ಮಗುವಿನ ಅರಮನೆ

ಮಾವು ಹಣ್ಣಾಗುವ ಕಾಲದ ಒಂದು ಬೆಳಿಗ್ಗೆ, ಪರದೇಶದ ತೈನಾನ್ ಪಟ್ಟಣದ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದ ಸೆನ್ ಅಜ್ಜಿಗೆ ಪಕ್ಕದಿಂದ ತನ್ನ ವಿಯೆಟ್ನಾಮಿ ಮಾತು ಕೇಳಿಸಿತು. ವಲಸೆ ಬಂದ ಹೆಂಗಸರಿಗೆ ಕ್ಯಾನ್ಸರ್ ತಪಾಸಣೆಯ ಪಾಠ ಹೇಳುವ ತುಯೆತ್, ಲುಯೆನ್ ಎಂಬವಳನ್ನು ತಪಾಸಣೆಗೆ ಕರೆತಂದಿದ್ದಳು.

"ಅಂಗಿಯ ಕತ್ತಿನ ಗುಂಡಿ ಯಾಕೇ ಬಿಚ್ಚಿದೀಯ?" ಎಂದಳು ತುಯೆತ್.

"ಕೊರಳು ನೋಡ್ತಾರೆ ಅಂದ್ರಲ್ಲಕ್ಕ!"

"ಅಯ್ಯೋ ಪೆದ್ದಿ! ಗರ್ಭದ ಕೊರಳು ಕಣೇ. ಕೆಳಗೆ."

"ಕೆಳಗಾ? ನಾನು ಮನೆಗೆ ಹೋಗ್ತೀನಿ."

"ನಿಮ್ಮಮ್ಮ ಹೀಗೇ ನಾಚ್ಕೊಂಡು, ತೋರಿಸ್ಕೊಳ್ಳದೆ ತಾನೇ ಸತ್ತದ್ದು? ಗರ್ಭಕ್ಕೆ ನಮ್ಮಲ್ಲಿ ಏನಂತಾರೆ?"

"ತು ಕುಂಗ್."

"ತು ಅಂದ್ರೆ ಮಗು. ಕುಂಗ್ ಅಂದ್ರೆ ಅರಮನೆ."

"ಅರಮನೆಯಾ? ನನ್ನೊಳಗಾ?"

"ನಿನ್ನ ಮೂರು ಮಕ್ಕಳೂ ಅಲ್ಲೇ ಇದ್ದು ಬಂದದ್ದು. ಅದರ ಬಾಗಿಲಲ್ಲಿ ಕಳ್ಳ ಕೂತಿದ್ದಾನಾ ಅಂತ ನೋಡ್ಬೇಡ್ವಾ?"

ಲುಯೆನ್ ಮೆಲ್ಲಗೆ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಐದು ಹೆತ್ತಿದ್ದ ಅಜ್ಜಿಯ ಕೈಯೂ ತನಗರಿವಿಲ್ಲದೆ ಅಲ್ಲಿಗೇ ಹೋಯಿತು; ಇಷ್ಟು ವರ್ಷ ಆಡಿದ ಮಾತಿನೊಳಗೆ ಅರಮನೆಯಿತ್ತೆಂದು ಅವಳಿಗೂ ಗೊತ್ತಿರಲಿಲ್ಲ.

"ನಡೀರಿ ಅಕ್ಕ," ಎಂದಳು ಲುಯೆನ್.

ಲುಯೆನ್, ತುಯೆತ್ ಇಬ್ಬರೂ ಕೈ ಹಿಡಿದುಕೊಂಡು ಒಳಗೆ ಹೋದರು.