ಬಾಡಿಗೆ ಕಿರೀಟಕ್ಕೊಂದು ವೆಬ್‌ಸೈಟ್

ಅಧ್ಯಕ್ಷ ಪೀಠದಲ್ಲಿರುವ ಮಾನ್ಯರೇ, ಬಿಡುವು ಮಾಡಿಕೊಂಡು ಬಂದಿರುವ ಅತಿಥಿಗಳೇ, ನಮ್ಮ ಸಣ್ಣ ವ್ಯಾಪಾರಿಗಳ ಸಂಘದ ಬಂಧುಗಳೇ, ಫ್ಯಾನಿನ ಕೆಳಗೇ ಜಾಗ ಹಿಡಿದಿರುವ ಜಾಣ ಸಭಿಕರೇ,

ಸಣ್ಣ ಅಂಗಡಿಯವರು ವೆಬ್‌ಸೈಟಿಗೆ ಯಾವ ಪ್ಲಾಟ್‌ಫಾರ್ಮ್ ಆರಿಸಬೇಕು ಎಂಬುದರ ಬಗ್ಗೆ ನಾಲ್ಕು ಮಾತಾಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ ನನಗೆ ಮೊದಲು ಬಂದದ್ದು ಅನುಮಾನ. ಇಷ್ಟು ಜನ ತಿಳಿದವರಿರುವಾಗ ನನ್ನನ್ನೇ ಏಕೆ ಕರೆದರು? ಆ ಅನುಮಾನ ಇನ್ನೂ ಹೋಗಿಲ್ಲ. ಇರಲಿ.

ನಮ್ಮದು ನಾಟಕದ ಉಡುಪುಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ನಾನು, ನನ್ನ ವಾರಗಿತ್ತಿ, ಇಬ್ಬರೇ ನಡೆಸುತ್ತಿದ್ದೆವು. ಅವಳು ನನ್ನ ಮೈದುನನ ಹೆಂಡತಿ. ವೆಬ್‌ಸೈಟ್ ಬೇಕು ಎಂಬ ಹುಳ ಬಿಟ್ಟವಳೂ ಅವಳೇ.

ಮೊದಲು ಬಂದವನು ಸಿದ್ಧ ಆನ್‌ಲೈನ್ ಅಂಗಡಿ ಮಾರುವ ಏಜೆಂಟ್. “ಮೇಡಂ, ಐದೇ ನಿಮಿಷದಲ್ಲಿ ಅಂಗಡಿ ಓಪನ್ ಆಗುತ್ತೆ” ಎಂದ. “ಸರಿನಪ್ಪಾ, ಬಿಟ್ಟು ಹೋಗ್ತೀನಿ ಅಂದ್ರೆ ನಮ್ಮ ಫೋಟೊ, ಗಿರಾಕಿಗಳ ವಿವರ ಎಲ್ಲಾ ವಾಪಸ್ ಕೊಡ್ತೀರಾ?” ಎಂದೆ. “ಅಯ್ಯೋ, ಯಾಕೆ ಬಿಟ್ಟು ಹೋಗ್ತೀರಾ?” ಎಂದು ನಕ್ಕ. ಕೇಳಿದ್ದಕ್ಕೆ ಉತ್ತರ ಕೊಡದೆ ನಗುವವರನ್ನು ನಂಬುವುದು ಹೇಗೆ, ನೀವೇ ಹೇಳಿ?

ಆದರೂ ಪರೀಕ್ಷೆಗೆಂದು ರಾಜನ ಕಿರೀಟವೊಂದನ್ನು ಅದರಲ್ಲಿ ಹಾಕಿದೆವು. ಯಾರೋ ಬಾಡಿಗೆಗೆ ಒಯ್ದರು. ಪರದೆಯ ಮೇಲೆ ‘ಮಾಲು ಮುಗಿದಿದೆ’ ಎಂದು ಬಂತು. ಕಿರೀಟ ಬೆವರು ಹತ್ತಿಸಿಕೊಂಡು ವಾಪಸು ಬಂದು ಕಪಾಟಿನಲ್ಲಿ ಕುಳಿತಿದೆ, ಅಲ್ಲಿ ಇನ್ನೂ ‘ಮುಗಿದಿದೆ’! ಆ ಪ್ಲಾಟ್‌ಫಾರ್ಮಿಗೆ ಮಾರುವುದು ಗೊತ್ತು, ವಾಪಸು ಬರುವುದು ಗೊತ್ತಿಲ್ಲ. ಆದ್ದರಿಂದ ಬಂಧುಗಳೇ, ನಿಮ್ಮ ವ್ಯಾಪಾರದ ರೀತಿ ಅದಕ್ಕೆ ಅರ್ಥವಾಗುತ್ತದೆಯೇ ಎಂದು ಮೊದಲು ನೋಡಿ, ಚೆಂದ ಆಮೇಲೆ ನೋಡಿ.

ಯಾರು ಬೇಕಾದರೂ ಬಳಸಿ, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದಾದ ಇನ್ನೊಂದು ಪ್ಲಾಟ್‌ಫಾರ್ಮ್ ಇದೆ, ಅದಕ್ಕೆ ಬಾಡಿಗೆ ದಿನಗಳ ಕ್ಯಾಲೆಂಡರ್ ಕೂಡಿಸಬಹುದು ಎಂದು ವಾರಗಿತ್ತಿ ಹೇಳಿದಳು. ಆದರೆ ಅದನ್ನು ನೋಡಿಕೊಳ್ಳಲು ಕಲಿಯಬೇಕು. “ಅಕ್ಕಾ, ನೀವೇ ಕಲೀರಿ” ಎಂದು ದಿನವೂ ಬೆನ್ನು ಹತ್ತಿದಳು. ನನಗೇಕೆ ಇಷ್ಟು ಒತ್ತಾಯ? ಒಂದು ಮಧ್ಯಾಹ್ನ ಉಡುಪು ತೊಟ್ಟು ನೋಡುವ ಕೋಣೆಯ ಪರದೆಯ ಹಿಂದೆ ಅವಳು ಫೋನಿನಲ್ಲಿ ಪಿಸುಗುಟ್ಟಿದ್ದು ಕಿವಿಗೆ ಬಿತ್ತು: “ಅಕ್ಕಂಗೆ ಈಗ್ಲೇ ಹೇಳ್ಬೇಡಿ. ಮೊದ್ಲು ಎಲ್ಲಾ ಸೆಟ್ ಆಗ್ಲಿ.”

ಅಂಗಡಿಯನ್ನೇ ತನ್ನ ಹೆಸರಿಗೆ ಮಾಡಿಕೊಳ್ಳುತ್ತಿದ್ದಾಳೆಯೇ?

ಮರುದಿನ, ಅವಳು ನಮ್ಮ ವೆಬ್‌ಸೈಟ್ ಮಾಡಲು ಒಪ್ಪಿಸಿದ್ದವರ ಆಫೀಸಿಗೆ ಒಬ್ಬಳೇ ಹೋದೆ. “ವೆಬ್‌ಸೈಟಿನ ಒಡೆತನ ಯಾರ ಹೆಸರಲ್ಲಿದೆ?” ಎಂದೆ. ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. “ನಿಮ್ಮ ಹೆಸರಲ್ಲೇ ಇದೆ. ನಿಮ್ಮ ವಾರಗಿತ್ತಿ ಹೆಸರು ಎಲ್ಲೂ ಇಲ್ಲ, ಅವ್ರೇ ಬೇಡ ಅಂದ್ರು.”

ಅನುಮಾನ ಇಳಿಯಬೇಕಿತ್ತಲ್ಲವೇ? ಏರಿತು. ಸುಮ್ಮಸುಮ್ಮನೆ ಎಲ್ಲವನ್ನೂ ಯಾರು ಬಿಟ್ಟುಕೊಡುತ್ತಾರೆ?

ಅಂಗಡಿಗೆ ಬಂದು ನೇರವಾಗಿ ಕೇಳಿದೆ. ಅವಳು ಒಂದು ರಾಣಿಯ ಉಡುಪಿಗೆ ಮಣಿ ಹೊಲಿಯುತ್ತಿದ್ದಳು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಅಕ್ಕಾ, ನಾನು ಹೋಗ್ತಿದ್ದೀನಿ. ಬೇರೆ ಊರಲ್ಲಿ ನಾಟಕ ಶಾಲೆಯಲ್ಲಿ ಉಡುಪು ಮಾಡೋದನ್ನ ಕಲಿಸೋ ಕೆಲಸ ಸಿಕ್ಕಿದೆ. ನಿಮ್ಮ ಮೈದುನರೂ ಹೂಂ ಅಂದಿದ್ದಾರೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀವು ‘ಹೋಗು’ ಅಂದ್ಬಿಡ್ತಿದ್ರಿ. ಒಬ್ರೇ ಅಂಗಡಿ ನಡೆಸೋದು ನಿಮ್ಮ ಕೈಗೆ ಹತ್ತೋ ಮುಂಚೆನೇ ಹೊರಡ್ಬೇಕಾಗ್ತಿತ್ತು.”

ಸಭಿಕರೇ, ನಾನು ‘ಹೋಗು’ ಎನ್ನುತ್ತಿದ್ದೆನೇ? ನನಗೆ ಗೊತ್ತಿಲ್ಲ. ಅವಳು ಹೊರಟ ದಿನ ಮಾತ್ರ ನಾನು ಗೋದಾಮಿನಲ್ಲಿ ಕತ್ತಿಗಳನ್ನು ಒರೆಸುತ್ತಾ ಕುಳಿತಿದ್ದೆ. ತಗಡಿನ ಕತ್ತಿಗಳು. ಅವುಗಳನ್ನು ಒರೆಸುವ ಅಗತ್ಯವೇನೂ ಇರಲಿಲ್ಲ.

ವಿಷಯ ಎಲ್ಲಿಗೋ ಹೋಯಿತು, ಕ್ಷಮಿಸಿ. ವೆಬ್‌ಸೈಟ್ ಚೆನ್ನಾಗಿದೆ. ಕ್ಯಾಲೆಂಡರ್ ನಾನೇ ನೋಡಿಕೊಳ್ಳುತ್ತೇನೆ.

ಮೊನ್ನೆ ಒಂದು ಉಡುಪಿಗೆ ಬುಕಿಂಗ್ ಬಂತು. ಯಾವುದೋ ಗುರುತಿಲ್ಲದ ಹೆಸರು. ಅಳತೆಯ ಜಾಗದಲ್ಲಿ ‘ಎಡಭುಜ ಸ್ವಲ್ಪ ತಗ್ಗು’ ಎಂದು ಬರೆದಿತ್ತು. ವಾರಗಿತ್ತಿ ಮದುವೆಯಾಗಿ ಬಂದಾಗಿನಿಂದ ಅವಳ ರವಿಕೆಗಳನ್ನು ಹೊಲಿದವಳು ನಾನು, ಆ ಭುಜ ನನಗೆ ತಿಳಿಯದೇ? ಏಕೆ ಹೀಗೆ ಮಾಡಿದಳು? ನಾನು ಸರಿಯಾಗಿ ನಡೆಸುತ್ತಿದ್ದೇನೆಯೇ ಎಂದು ಪರೀಕ್ಷಿಸುವುದಕ್ಕೋ? ಅಥವಾ...

‘ಕೊರಿಯರ್‌ನಲ್ಲಿ ಕಳಿಸಿ’ ಎಂದು ಆರಿಸಿದ್ದಳು. ನಾನು ಯಾರನ್ನೂ ಕೇಳದೆ ಆ ಆಯ್ಕೆಯನ್ನೇ ತೆಗೆದುಹಾಕಿದೆ. ‘ಈ ಉಡುಪನ್ನು ಅಂಗಡಿಗೆ ಬಂದು, ತೊಟ್ಟು ನೋಡಿಯೇ ಒಯ್ಯಬೇಕು. ಭಾನುವಾರವೂ ತೆರೆದಿರುತ್ತದೆ’ ಎಂದು ಉತ್ತರ ಬರೆದೆ.

ಇವತ್ತು ಭಾನುವಾರ. ಮಾತಾಡಲು ಕರೆದ ಸಂಘಕ್ಕೂ, ತಾಳ್ಮೆಯಿಂದ ಕೇಳಿದ ನಿಮಗೂ ಧನ್ಯವಾದಗಳು. ಊಟಕ್ಕೆ ನಿಲ್ಲಲಾರೆ, ಅಂಗಡಿ ತೆರೆಯಬೇಕು. ನಮಸ್ಕಾರ.