ಕಿಟಕಿಯಾಚೆ ಹಿಡಿದ ಫೋನು

ಬ್ರಸೆಲ್ಸಿನ ಟ್ರಾಮ್ ನಿಲ್ದಾಣದಲ್ಲಿ ಮುದುಕ ದ್ರಿಸ್ ನಿದ್ದೆಯ ನಾಟಕವಾಡುತ್ತಾ ಕಿವಿ ಮಾತ್ರ ತೆರೆದಿಟ್ಟಿದ್ದ. ಪಕ್ಕದಲ್ಲಿ ಆಸ್ಪತ್ರೆಯ ನೆಲ ಒರೆಸುವ ಮೊರಾಕೊದ ಯಾಮಿನಾ, ಅಲ್ಲೇ ನರ್ಸ್ ಆಗಿರುವ ಕೀನ್ಯಾದ ಕೆರುಬೊ.

“ನಿಂಗೇನಮ್ಮ, ಓದಿ ಬಂದೋಳು. ನಮ್ಮಪ್ಪ ಇಲ್ಲಿ ಕಲ್ಲಿದ್ದಲು ಗಣಿ ಕೆಲ್ಸಕ್ಕೆ ಬಂದ, ನಾನಿನ್ನೂ ನೆಲಕ್ಕೇ ಬಗ್ಗಿದೀನಿ.”

“ಬಗ್ಗಿದ್ರೂ ಬೀದಿ ಪೂರ್ತಿ ನಿಮ್ಮೋರೇ ಅಲ್ವೇನಕ್ಕ? ವರ್ಷಾ ವರ್ಷಾ ಕಾರಿನ ತಲೆಮೇಲೆ ಮಂಚ ಕಟ್ಕೊಂಡು ಊರಿಗೆ ಹೋಗ್ತೀರಿ. ನಾನು ಅಮ್ಮನ್ನ ನೋಡಿ ಆರು ವರ್ಷ.”

“ನಾಡಿದ್ದು ಹೊರಡ್ತೀವಿ. ಏನ್ ತರ್ಲಿ?”

“ಏನೂ ಬೇಡ. ಟ್ಯಾಂಜಿಯರಲ್ಲಿ ಹಡಗು ಇಳಿದ ಕೂಡ್ಲೆ ಫೋನ್ ಮಾಡಿ ಕಾರಿನ ಕಿಟಕಿಯಾಚೆ ಹಿಡಿ. ಆಫ್ರಿಕಾದ ಗದ್ದಲ ಕೇಳ್ಬೇಕು.”

“ಅಯ್ಯೋ ಹುಚ್ಚಿ, ಅಲ್ಲಿಂದ್ಲೂ ನಿಮ್ಮೂರು ಇಷ್ಟೇ ದೂರ!”

“ಇರ್ಲಿ ಬಿಡಕ್ಕ, ನಡುವೆ ಸಮುದ್ರ ಇರಲ್ವಲ್ಲ.”

ಟ್ರಾಮ್ ಬಂತು. ಹತ್ತುತ್ತಾ ಯಾಮಿನಾ ತಿರುಗಿದಳು.

“ಇಳಿಯೋದು ಬೆಳಗಿನ ಜಾವ ಕಣೇ. ಎದ್ದಿರ್ತೀಯಾ?”

“ಮಲಗಿದ್ರೆ ತಾನೇ!”