ಕಡ್ಡಿ ಚುಚ್ಚಿದ ಜೋಡಿ ದೀಪ

ಥಾಯ್ಲೆಂಡಿನಲ್ಲಿ ಲೋಯ್ ಕ್ರಥೋಂಗ್ ಹಬ್ಬದ ಸಂಜೆ. ಪಿಂಗ್ ನದಿಗೆ ದೀಪ ಬಿಡುವವರ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಹುಡುಗಿಯೂ ಅವಳ ಚಿಕ್ಕಮ್ಮನೂ ನಿಂತಿದ್ದರು.

"ರಿಂದಾ, ಎರಡು ದೀಪದ ಬಾಳೆದಿಂಡಿಗೂ ಸೇರಿಸಿ ಕಡ್ಡಿ ಚುಚ್ಚಿದೀಯೇನೇ?"

"ಮೆಲ್ಲಗೆ ಚಿಕ್ಕಮ್ಮ! ಅಮ್ಮ ಸೇತುವೆ ಮೇಲಿಂದ ನೋಡ್ತಿದಾಳೆ. ಹೋದ ವರ್ಷ ನನ್ನ ದೀಪ, ಥವತ್ ದೀಪ ಬೇರೆಬೇರೆ ಕಡೆ ಹೋದ್ವು ಅಂತ ಮದುವೆ ಮುಂದಕ್ಕೆ ಹಾಕಿದ್ಳು. ಈ ಸಲವೂ ಹಾಗಾದ್ರೆ ಸಂಬಂಧವೇ ಬೇಡ್ವಂತೆ."

"ಅದಕ್ಕೆ ಗಂಗಮ್ಮನಿಗೇ ಮೋಸವಾ?"

"ಗಂಗಮ್ಮನಿಗಲ್ಲ, ಅಮ್ಮನಿಗೆ."

"ನಾನೂ ನಿನ್ನ ಚಿಕ್ಕಪ್ಪನೂ ಹೀಗೇ ಚುಚ್ಚಿದ್ವಿ ಕಣೇ."

"ಹೌದಾ! ಒಟ್ಟಿಗೇ ಹೋದ್ವಾ?"

"ಒಟ್ಟಿಗೇ ಮುಳುಗಿದ್ವು. ಸದ್ಯ, ಬೇರೆಯಾಗಲಿಲ್ಲವಲ್ಲ ಅಂತ ನಿಮ್ಮಜ್ಜಿ ಮದುವೆ ಮಾಡಿಸಿಬಿಟ್ರು."

ರಿಂದಾ ಕಡ್ಡಿಯನ್ನು ಮುಟ್ಟಿ ನೋಡಿದಳು. ಅಷ್ಟರಲ್ಲಿ ಸುಟ್ಟ ಮೀನು ಜಗಿಯುತ್ತ ಥವತ್ ಬಂದ. ಅವಳು ಕಡ್ಡಿಯನ್ನು ಇನ್ನಷ್ಟು ಒಳಗೆ ಒತ್ತಿ ಅವನೊಂದಿಗೆ ಮೆಟ್ಟಿಲಿಳಿದಳು.